ಅನಂತರಾಜು ಕತ್ತರಿಸಿದ ಹಸಿರು ವೈರು

ಅನಂತರಾಜುವಿಗೆ ಸಂಜೆಯಾಗುವುದೇ ಬೇಡವಾಗಿತ್ತು.

ಸಂಜೆಯಾದರೆ ಅವನ ಅಪ್ಪ ನರಸಿಂಹಯ್ಯ ಮುಖ ತೊಳೆದು, ಮಡಿಸಿಟ್ಟ ಪಂಚೆ ಉಟ್ಟು, ಇಲ್ಲದ ಕೂದಲನ್ನೂ ಬಾಚಿಕೊಂಡು, ಬೀಗರ ಮನೆಗೆ ಹೊರಟವನಂತೆ ಮೆಟ್ಟಿಲು ಹತ್ತುತ್ತಿದ್ದ. ಮಗನ ಹಾಲ್ ದಾಟಿ, ಮಗನ ಸೋಫಾ ದಾಟಿ, ಮಗ ಗೋಡೆ ತುಂಬ ಹಾಕಿಸಿದ್ದ ಟಿವಿ ದಾಟಿ ಮೇಲಿನ ಬಾಡಿಗೆ ಮನೆಗೆ. ಮೊದಲು ಬಾಗಿಲು ತೆರೆಯುವ ಸದ್ದು. "ಬರ್ರಿ ಅಜ್ಜಾರ, ನಿಮ್ಮ ಹಾದೀನ ಕಾಯಾಕತ್ತಿದ್ದೆ" ಎಂಬ ಮಾತು. ಆಮೇಲೆ ಹಾಡು.

ಆ ಹಾಡು ಕೆಳಗೆ ಕೂತ ಅನಂತರಾಜುವಿನ ಹೊಟ್ಟೆಗೆ ಕೆಂಡ ಸುರಿದ ಹಾಗೆ ಇಳಿಯುತ್ತಿತ್ತು.

ಜಾಲಹಳ್ಳಿಯ ಹಳೇ ಊರಿನಲ್ಲಿ ನಾಲ್ಕು ಅಂತಸ್ತಿನ ಮನೆ ಅವನದು. ಕೆಳಗೆ ಅವನ ಸಂಸಾರ, ಮೇಲೆಲ್ಲ ಬಾಡಿಗೆ. ಮೊದಲ ಅಂತಸ್ತಿನಲ್ಲಿದ್ದವಳು ಗದಗಿನ ಕಡೆಯ ಸ್ಮಿತಾ. ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವ ಮೇಡಮ್. ಗಂಡ ಕಾರ್ಖಾನೆಯ ಪಾಳಿ ಕೆಲಸದವ, ಸಂಜೆ ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಅವರ ಮನೆಯಲ್ಲಿ ಒಂದು ವಾಲ್ವ್ ಆಂಪ್ಲಿಫೈಯರ್ ಇತ್ತು. ಹಳೇ ಕಾಲದ ರೇಡಿಯೋಗಳಲ್ಲಿ ಗಾಜಿನ ಬುರುಡೆಗಳು ಇರುತ್ತಿದ್ದವಲ್ಲ, ಅಂಥ ವಾಲ್ವುಗಳ ಮೇಲೆ ಓಡುವ ಯಂತ್ರ. ರೇಡಿಯೋದಿಂದಲೋ ಫೋನಿನಿಂದಲೋ ಬಂದ ಸಣ್ಣ ದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಸ್ವಿಚ್ಚು ಹಾಕಿದರೆ ಗಾಜಿನೊಳಗೆ ಕೆಂಪಗೆ ಬೆಳಕು ಏಳುತ್ತದೆ. ಆ ಬೆಳಕು ಎದ್ದ ಮೇಲೆ ನಿಧಾನಕ್ಕೆ ಹಾಡು ಬರುತ್ತದೆ.

ವಾಲ್ವು ಕಂಡರೆ ನರಸಿಂಹಯ್ಯನಿಗೆ ಜೀವ. ಮನೆತನದ ಹೊಲ ವಾಲ್ವು ತಯಾರಿಸುವ ಕಾರ್ಖಾನೆಗೆ ಹೋಗಿತ್ತು. ಹೊಲದ ಬದಲಿಗೆ ಅವನ ಕೈಗೆ ಬಂದದ್ದು ಒಂದು ಗೇಟ್ ಪಾಸು. ಪ್ಯಾಕಿಂಗ್ ವಿಭಾಗದಲ್ಲಿ ವಾಲ್ವುಗಳನ್ನು ರಟ್ಟಿನ ಡಬ್ಬಿಗೆ ತುಂಬುತ್ತಲೇ ಅವನ ಮೀಸೆ ಹಣ್ಣಾಯಿತು. ಅವನ ಕೈ ದಾಟಿ ಹೋದ ವಾಲ್ವುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದಾದರೂ ಅವನ ಕಣ್ಣೆದುರು ಉರಿದಿರಲಿಲ್ಲ, ಹಾಡಿರಲಿಲ್ಲ. ಒಡೆಯಬಾರದು ಎಂದಷ್ಟೇ ಅವನಿಗೆ ಹೇಳಿಕೊಟ್ಟಿದ್ದರು. ದುಡಿದವನಿಗೆ ಅವನ ದುಡಿಮೆಯ ಬೆಳಕನ್ನು ತೋರಿಸಬೇಕೆಂದು ಯಾವ ದೊರೆಗೂ ಅನ್ನಿಸುವುದಿಲ್ಲ. ಈ ವಯಸ್ಸಿನಲ್ಲಿ, ಬಾಡಿಗೆಗೆ ಬಂದ ಹೆಣ್ಣುಮಗಳೊಬ್ಬಳ ಮನೆಯಲ್ಲಿ, ಮುದುಕ ಅದನ್ನು ಮೊದಲ ಸಲ ಕಂಡಿದ್ದ.

ಮಗನಿಗೆ ಇದು ಯಾವುದೂ ಬೇಕಿರಲಿಲ್ಲ. ಅವನಿಗೆ ಕಾಣುತ್ತಿದ್ದುದು ಖಾಲಿ ಸೋಫಾ ಒಂದೇ.

"ಅಪ್ಪ ಎಲ್ಲಿ?" ಎಂದು ಹೆಂಡತಿ ಶಾಂತಲಾಳನ್ನು ಕೇಳುತ್ತಿದ್ದ, ಗೊತ್ತಿದ್ದೂ.

"ಎಲ್ಲಿರ್ತಾರೆ? ಮೇಲೆ."

"ಊಟ?"

"ಅಲ್ಲೇ ಆಯ್ತಂತೆ. ಜೋಳದ ರೊಟ್ಟಿ, ಎಣ್ಣೆಗಾಯಿ."

"ಯಾಕೆ, ನಮ್ಮನೇಲಿ ಮುದ್ದೆ ಮುಗಿದೋಗಿತ್ತಾ? ಬಾಯಲ್ಲಿ ಹಲ್ಲಿಲ್ಲ, ರೊಟ್ಟಿ ಬೇರೆ ಕೇಡು!"

"ಹಾಲಲ್ಲಿ ನೆನೆಸಿ ಕೊಡ್ತಾರಂತೆ ಕಣ್ರೀ."

ಹಾಲಲ್ಲಿ ನೆನೆಸಿ! ಅನಂತರಾಜು ತಟ್ಟೆ ತಳ್ಳಿದ. ಅಪ್ಪ ಇಳಿದು ಬಂದಾಗ ಮುಖದಲ್ಲಿ ಎಂಥದೋ ಕಳೆ. "ಏನ್ ಸಂದಾಕಾಡ್ತದೆ ಅಂತೀಯ ಕಣ್ಲಾ ರಾಜ! ಎದೆ ಒಳಗೇ ಕುಂತ್ಕಂಡು ಆಡ್ದಂಗೆ." ಇಷ್ಟು ದೊಡ್ಡ ಮನೆ ಕಟ್ಟಿಸಿದ ಮಗನಿಗೆ ಅಪ್ಪನ ಬಾಯಿಂದ 'ಚೆಂದಾಗಿದೆ' ಅನ್ನುವ ಮಾತು ಬಂದಿರಲಿಲ್ಲ. ಗಾಜಿನ ಬುರುಡೆಗೆ ಬಂತು.

"ಆಯ್ತು. ಅದರಪ್ಪನಂಥದ್ದು ತರ್ತೀನಿ ಬಿಡು" ಎಂದ ಅನಂತರಾಜು.

ತಂದ. ಹಳೇ ಸಾಮಾನಿನ ದಲ್ಲಾಳಿಯೊಬ್ಬನಿಂದ, ಮೇಲಿನ ಮನೆಯದಕ್ಕಿಂತ ಎರಡು ಪಟ್ಟು ದೊಡ್ಡದು. ಎತ್ತಲು ಇಬ್ಬರು ಬೇಕಾಯಿತು. ಕೇಳಬೇಕಾದವಳು ಒಂದು ಅಂತಸ್ತು ಮೇಲಿದ್ದಳು. ಕೇಳಿದರೆ ತಾನು ಸಣ್ಣವನಾಗುತ್ತೇನಲ್ಲ! ಕೇಳಲಿಲ್ಲ. ತಾನೇ ಜೋಡಿಸಿದ. ಅವನ ಷೋಕೇಸಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎರಡೇ ತೂತು. ಯಂತ್ರದ ಪ್ಲಗ್ಗಿಗೆ ಮೂರು ಪಿನ್ನು. "ಮೂರನೇದು ಸುಮ್ನೆ ಷೋಗೆ ಇರೋದು ಸಾರ್" ಎಂದಿದ್ದ ದಲ್ಲಾಳಿ. ಅನಂತರಾಜು ಕಟಿಂಗ್ ಪ್ಲೇಯರ್ ತಂದು ಆ ದಪ್ಪ ಪಿನ್ನನ್ನು ಕಡಿದು ಎಸೆದ.

ಆಮೇಲೆ ಇನ್ನೊಂದು ಚಿಂತೆ ಹತ್ತಿತು. ಷೋಕೇಸ್ ಇದ್ದದ್ದು ಬಾಗಿಲಿನ ಎದುರಿಗೆ. ಬಾಡಿಗೆಯವರೆಲ್ಲ ಮೆಟ್ಟಿಲು ಹತ್ತುವಾಗ ಇಣುಕಿ ನೋಡಿಯೇ ಹೋಗುತ್ತಾರೆ. ದೃಷ್ಟಿಯಾದರೆ? ಷೋಕೇಸಿನ ಹಿಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಸಾಲದೆಂದು ಶಾಂತಲಾಳ ಹಳೇ ಪಾಲಿಯೆಸ್ಟರ್ ಸೀರೆಯ ತುಂಡನ್ನು ಯಂತ್ರದ ಮೇಲೆ, ಮುಂದೆ, ಪೂರ್ತಿ ಇಳಿಬಿಟ್ಟ.

"ಹಾಡೋ ವಸ್ತುಗೆ ಯಾರಾದ್ರೂ ಮುಸುಕು ಹಾಕ್ತಾರೇನ್ರೀ?" ಎಂದಳು ಶಾಂತಲಾ.

"ನಿಂಗೊತ್ತಿಲ್ಲ. ಮೇಲಿನವ್ರ ಕಣ್ಣು ಸರಿಯಿಲ್ಲ."

ಹೊಟ್ಟೆ ಉರಿಯುತ್ತಿದ್ದುದು ಅವನದು. ಹೆದರಿದ್ದು ಮಾತ್ರ ಬೇರೆಯವರ ಕಣ್ಣಿಗೆ. ಕಿಚ್ಚುಪಡುವವನಿಗೆ ಊರೆಲ್ಲ ತನ್ನಂತೆಯೇ ಕಾಣುತ್ತದೆ.

ಮೊದಲ ದಿನ ಅಪ್ಪನನ್ನು ಕೂರಿಸಿ ಸ್ವಿಚ್ಚು ಹಾಕಿದ. ಹಾಡಿಗಿಂತ ಮುಂಚೆ 'ಗುಂಯ್' ಎಂಬ ಸದ್ದು ಬಂತು. ಹಾಡು ಬಂದ ಮೇಲೂ ಅದು ಹೋಗಲಿಲ್ಲ. ನರಸಿಂಹಯ್ಯ ಕಿವಿ ಕೊಟ್ಟು ಕೇಳಿದ.

"ಏನ್ಲಾ ಇದು? ಒಳಗೆ ಜೇನು ಕಟ್ಟದಾ?"

"ಹೊಸದಲ್ವೇನಪ್ಪ, ಸರಿ ಹೋಗುತ್ತೆ."

"ಮೇಲೆ ಇಂಗನ್ನಲ್ಲ ಕಣ್ಲಾ" ಎಂದ ಮುದುಕ. ಎದ್ದ. ಮೆಟ್ಟಿಲು ಹತ್ತಿದ.

ಮರುದಿನ ಬೆಳಿಗ್ಗೆ ಷೋಕೇಸ್ ಒರೆಸುತ್ತಿದ್ದ ಶಾಂತಲಾ ಕೈ ಕೊಡವಿಕೊಂಡು ಹಿಂದೆ ಸರಿದಳು. "ರೀ, ಇದರ ತಗಡು ಮುಟ್ಟಿದ್ರೆ ಜುಮ್ ಅಂತದೆ."

"ಏನೂ ಆಗಲ್ಲ, ಭ್ರಮೆ. ಒದ್ದೆ ಬಟ್ಟೇಲಿ ಒರೆಸು ಅಂತ ಯಾರು ಹೇಳಿದ್ರು ನಿಂಗೆ?"

ಎಷ್ಟು ಮನೆಗಳಲ್ಲಿ ಈ ಮಾತು ನಡೆದಿಲ್ಲ! ಗ್ರೈಂಡರ್ ಮುಟ್ಟಿದರೆ ಜುಮ್ ಅಂತದೆ, ಗೀಸರಿನ ನಲ್ಲಿ ಮುಟ್ಟಿದರೆ ಜುಮ್ ಅಂತದೆ ಎಂದು ಮೊದಲು ಹೇಳುವವಳು ಹೆಂಗಸು. ಯಾಕೆಂದರೆ ಮೊದಲು ಮುಟ್ಟುವವಳು ಅವಳು. ಗಂಡಸು ಅದನ್ನು ಭ್ರಮೆ ಎನ್ನುತ್ತಾನೆ. ಅವಳು ಚಪ್ಪಲಿ ಮೆಟ್ಟಿಕೊಂಡು ಮುಟ್ಟುವುದನ್ನು ಕಲಿಯುತ್ತಾಳೆ. ಒಂದು ದಿನ ಚಪ್ಪಲಿ ಮರೆಯುತ್ತಾಳೆ. ಆಮೇಲೆ ಬೀದಿಯವರೆಲ್ಲ ಸೇರಿ 'ಅವಳ ಹಣೆಬರಹ' ಎನ್ನುತ್ತಾರೆ. ಅದು ಹಣೆಬರಹವಲ್ಲ. ಗೋಡೆಯೊಳಗೆ ಹಾಕದೆ ಉಳಿಸಿದ ಒಂದು ವೈರು.

ಆ ವೈರಿನ ಮಾತು ಈ ಮನೆಯಲ್ಲಿ ಮೊದಲೇ ಬಂದಿತ್ತು. ಸ್ಮಿತಾ ಬಾಡಿಗೆಗೆ ಬಂದ ಹೊಸದರಲ್ಲಿ ಕೆಳಗಿಳಿದು ಬಂದು ಹೇಳಿದ್ದಳು: "ಅಣ್ಣಾರ, ನಿಮ್ಮ ಸಾಕೆಟ್ಟಿನ ಮೂರನೇ ತೂತಿನಾಗ ವೈರೇ ಇಲ್ರಿ. ನಾಲ್ಕೂ ಅಂತಸ್ತಿಗೆ ಹಂಗ ಐತಿ. ಸೋರಿದ ಕರೆಂಟ್ ಭೂಮಿಗೆ ಇಳಿಯೋ ಹಂಗ ಅರ್ಥಿಂಗ್ ಹಾಕಸ್ರಿ."

"ಮೇಡಮ್, ನೀವು ಬಾಡಿಗೆ ಟೈಮಿಗೆ ಕೊಡಿ ಸಾಕು. ಇಂಜಿನಿಯರಿಂಗ್ ಬೇಡ" ಎಂದಿದ್ದ ಅನಂತರಾಜು. ನೆಲಕ್ಕೆ ಗ್ರಾನೈಟ್ ಹಾಸಿದವನು, ಗೇಟಿಗೆ ಹಿತ್ತಾಳೆ ಸಿಂಹ ಕೂರಿಸಿದವನು, ನಾಲ್ಕು ಸಂಸಾರಗಳ ಜೀವ ಕಾಯುವ ವೈರು ಮಾತ್ರ ಹಾಕಿಸಿರಲಿಲ್ಲ. ಕೊನೆಗೆ ಸ್ಮಿತಾಳೇ ತನ್ನ ಖರ್ಚಿನಲ್ಲಿ, ಬೀದಿಯ ಎಲೆಕ್ಟ್ರಿಷಿಯನ್ ನಾಗೇಶನನ್ನು ಕರೆಸಿ, ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿಸಿ, ಗೋಡೆಯ ಹೊರಗಿನಿಂದ ತನ್ನ ಮನೆಗಷ್ಟೇ ಒಂದು ಹಸಿರು ವೈರು ಎಳೆಸಿಕೊಂಡಿದ್ದಳು. ಬೇಸಿಗೆಯಲ್ಲಿ ಆ ಗುಂಡಿಗೆ ಒಂದು ಬಿಂದಿಗೆ ನೀರು ಸುರಿಯುತ್ತಿದ್ದಳು, ಮಣ್ಣು ಒಣಗಬಾರದೆಂದು.

ಈಗ ಅನಂತರಾಜುವಿನ ಕಣ್ಣು ಆ ಹಸಿರು ವೈರಿನ ಮೇಲೆ ಬಿತ್ತು. ನೀರು ಸುರಿಯುವುದನ್ನೂ ಕಂಡ. ಅಂದರೆ ಗುಟ್ಟು ಇಲ್ಲಿದೆ! ಹಳೇ ರೇಡಿಯೋಗೆ ಏರಿಯಲ್ ಇರುತ್ತಿದ್ದ ಹಾಗೆ ಇವಳು ಭೂಮಿಯಿಂದ ಏನೋ ಎಳೆಯುತ್ತಿದ್ದಾಳೆ. ಅದಕ್ಕೇ ಅವಳದು ಗುಂಯ್ ಅನ್ನುವುದಿಲ್ಲ. ನನ್ನ ಮಣ್ಣು, ಅವಳ ಹಾಡು!

ಅವನು ಅತ್ತ ಇತ್ತ ನೋಡಿದ. ಒಳಗಿನಿಂದ ಕಟಿಂಗ್ ಪ್ಲೇಯರ್ ತಂದ. ಗುಂಡಿಯ ಹತ್ತಿರ ಬಗ್ಗಿ ಹಸಿರು ವೈರನ್ನು ಕತ್ತರಿಸಿದ. ಅವಳದೂ ಗುಂಯ್ ಅನ್ನಲಿ. ಆಗ ಅಪ್ಪ ಯಾರ ಮನೆಗೆ ಹೋಗುತ್ತಾನೆ ನೋಡೋಣ.

ಅವತ್ತು ಸಂಜೆ ನರಸಿಂಹಯ್ಯ ಹತ್ತಿದಷ್ಟೇ ಬೇಗ ಇಳಿದು ಬಂದ. ಮುಖ ಬಾಡಿತ್ತು.

"ಯಾಕಪ್ಪ?"

"ಆಯಮ್ಮ ಇವತ್ತು ಆಕಲ್ಲವಂತೆ. ಫ್ರಿಜ್ಜು ಮುಟ್ಟಿದ್ರೆ ಜುಮ್ ಅಂತಂತೆ. ಮನೇದೆಲ್ಲ ಪ್ಲಗ್ಗು ಕಿತ್ತಾಕಿ, ಟೆಸ್ಟರ್ ಇಡ್ಕಂಡು ಓಡಾಡ್ತಾವ್ಳೆ."

ಅನಂತರಾಜುವಿಗೆ ಎದೆಯೊಳಗೆ ಮೇಳವೇ ಶುರುವಾಯಿತು. "ಹೋಗ್ಲಿ ಬಿಡಪ್ಪ, ಬಾ, ಇಲ್ಲಿ ಕೂತ್ಕೋ. ನಮ್ಮನೇದು ನಮ್ಗೆ. ಶಾಂತಲಾ, ಅಪ್ಪಂಗೆ ಕಾಫಿ ತಾ!"

ಅಪ್ಪ ಕೂತ. ಮಗನ ಸೋಫಾದಲ್ಲಿ, ಮಗನ ಪಕ್ಕದಲ್ಲಿ. ಶಾಂತಲಾ ಆಗಷ್ಟೇ ನೆಲ ಒರೆಸಿ ಬಕೆಟ್ಟು ಒಳಗಿಟ್ಟಿದ್ದಳು. ಗ್ರಾನೈಟ್ ಇನ್ನೂ ತೇವವಾಗಿತ್ತು, ಮುದುಕನದು ಬರಿಗಾಲು. ಅನಂತರಾಜು ದನಿಯನ್ನು ಪೂರ್ತಿ ಏರಿಸಿದ. ಮೇಲಿನವಳಿಗೆ ಕೇಳಲಿ.

"ಬಟ್ಟೆ ತೆಗಿಯೋ ರಾಜ, ವಾಲ್ವು ಉರಿಯಾದು ಕಾಣ್ಲಿ."

"ಆಮೇಲೆ ತೆಗಿತೀನಿ. ಜನ ಓಡಾಡೋ ಹೊತ್ತು."

ಷೋಕೇಸಿನ ಗಾಜಿನ ಬಾಗಿಲು ಮುಚ್ಚಿತ್ತು. ಒಳಗೆ ಮುಸುಕು. ಕೆಂಡದಷ್ಟು ಕಾಯುವ ಗಾಜು, ಬಿಸಿ ಹೊರಗೆ ಹೋಗಲು ಒಂದು ಬೆರಳಷ್ಟು ಜಾಗವಿಲ್ಲ. ಎರಡು ಹಾಡು ಮುಗಿದವು. ಮೂರನೆಯದರ ನಡುವೆ ಕೂದಲು ಸುಟ್ಟಂಥ ವಾಸನೆ ಎದ್ದಿತು. ಆಮೇಲೆ ಸೀರೆಯ ತುಂಡು ಕರಗಿ ತೊಟ್ಟಿಕ್ಕಿತು, ಷೋಕೇಸಿನೊಳಗೆ ಕಪ್ಪು ಹೊಗೆ ಸುತ್ತಿತು.

ಬೇರೆ ಯಾರಾದರೂ ಹಿಂದೆ ಸರಿಯುತ್ತಿದ್ದರು. ನರಸಿಂಹಯ್ಯ ಮುಂದೆ ನುಗ್ಗಿದ. ಪ್ಯಾಕಿಂಗ್ ವಿಭಾಗದವನು ಅವನು. ಗಾಜು ಅಪಾಯದಲ್ಲಿದ್ದರೆ ಕೈ ಚಾಚಬೇಕು ಎಂಬುದೊಂದೇ ಅವನ ಮೈಗೆ ಗೊತ್ತಿದ್ದ ಪಾಠ.

"ಅಯ್ಯೋ, ವಾಲ್ವು ಒಡೀತದೆ ಕಣ್ಲಾ!" ಎಂದವನೇ ಗಾಜಿನ ಬಾಗಿಲು ಎಳೆದು, ಪೆಟ್ಟಿಗೆಯನ್ನು ತಬ್ಬಿ ಎತ್ತುವವನ ಹಾಗೆ ಎರಡೂ ಕೈ ಮುಂದೆ ಮಾಡಿದ.

"ಅಜ್ಜಾರ! ಕೈ ಹಚ್ಚಬ್ಯಾಡ್ರಿ!"

ಬಾಗಿಲಲ್ಲಿ ಸ್ಮಿತಾ ನಿಂತಿದ್ದಳು. ತುಂಡಾದ ವೈರಿನ ಬಗ್ಗೆ ಕೇಳಲು ಇಳಿದು ಬಂದವಳು. ಒಂದೇ ನೆಗೆತಕ್ಕೆ ಮುದುಕನ ಹಿಂದೆ ಬಂದು, ಅಂಗಿಯ ಕೊರಳಪಟ್ಟಿ ಹಿಡಿದು ಎಳೆದಳು. ಇಬ್ಬರೂ ಸೋಫಾದ ಮೇಲೆ ಬಿದ್ದರು. ಅಷ್ಟರಲ್ಲಿ ಅನಂತರಾಜು ಅಡುಗೆಮನೆಯಿಂದ ನೀರಿನ ಬಿಂದಿಗೆ ಎತ್ತಿಕೊಂಡು ಓಡಿ ಬಂದ.

"ನೀರು ಹಾಕಬ್ಯಾಡ್ರಿ! ನೀರು ಹಾಕಿದ್ರ ನೀವೂ ಹೋಗ್ತೀರಿ! ಮೇನ್ ಸ್ವಿಚ್ ಎಲ್ಲೈತಿ?"

ಮನೆ ಕಟ್ಟಿಸಿದವನಿಗೇ ಅದು ನೆನಪಾಗಲಿಲ್ಲ. ಮೇನ್ ಸ್ವಿಚ್ಚು ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಹಿಂದೆ, ಹಳೇ ಪೇಯಿಂಟ್ ಡಬ್ಬಗಳ ಹಿಂದೆ ಇತ್ತು. ಅದು ನೆನಪಾದದ್ದು ಶಾಂತಲಾಳಿಗೆ. ಡಬ್ಬಗಳನ್ನು ಕಾಲಲ್ಲಿ ಒದ್ದು ಒಳಗೆ ಕೈ ಹಾಕಿ ಮೇನ್ ಆಫ್ ಮಾಡಿದಳು. ಹಾಡು ನಿಂತಿತು. ಗುಂಯ್ ನಿಂತಿತು. ಸ್ಮಿತಾ ಒಣ ಕೋಲಿನಿಂದ ಉರಿಯುವ ಬಟ್ಟೆಯನ್ನು ಕೆಳಕ್ಕೆಳೆದಳು. ಶಾಂತಲಾ ಎದುರು ಮನೆಯವರು ಕಟ್ಟಡಕ್ಕೆಂದು ಸುರಿಸಿದ್ದ ಮರಳನ್ನು ತಂದು ಸುರಿದಳು.

ಎಲ್ಲ ತಣ್ಣಗಾದ ಮೇಲೆ ಸ್ಮಿತಾ ಟಾರ್ಚು ಹಾಕಿ ಪ್ಲಗ್ಗನ್ನು ನೋಡಿದಳು. ಕಡಿದ ಪಿನ್ನು. ಪಕ್ಕದಲ್ಲೇ ಕಟಿಂಗ್ ಪ್ಲೇಯರ್.

"ಅಣ್ಣಾರ, ಹೊರಗ ನನ್ನ ಹಸಿರು ವೈರ್ ಯಾರೋ ಕತ್ತರಿಸ್ಯಾರ. ಯಾರಂತ ಗೊತ್ತೇನ್ರಿ?"

ಅನಂತರಾಜು ನೆಲ ನೋಡಿದ. "ನಾನೇ."

"ಯಾಕ್ಲಾ?" ಎಂದ ಅಪ್ಪ.

"ನೀನು ದಿನಾ ಅಲ್ಲಿಗೇ ಹೋಗ್ತೀಯಲ್ಲ. ಅವರದೂ ಗುಂಯ್ ಅಂದ್ರೆ ನೀನು ಇಲ್ಲಿ ಕೂತ್ಕೋತೀಯ ಅಂತ..."

ನರಸಿಂಹಯ್ಯ ಮಗನನ್ನು ಬೈಯಲಿಲ್ಲ. ಬೈದಿದ್ದರೆ ಅನಂತರಾಜುವಿಗೆ ಹಗುರಾಗುತ್ತಿತ್ತು. ಮುದುಕ ಮೆಲ್ಲಗೆ ಹೇಳಿದ: "ಆ ಮನೇಲಿ ನಾನು ಕುಂತ್ಕೊಳೋ ಕುರ್ಚಿ ಆ ಪೆಟ್ಟಿಗೆ ಪಕ್ಕದಲ್ಲೇ ಅದೆ ಕಣ್ಲಾ. ಒಂದು ಕೈ ಯಾವಾಗ್ಲೂ ಅದರ ತಗಡಿನ ಮ್ಯಾಲೇ ಇರ್ತದೆ. ಆಡುವಾಗ ಸಣ್ಣಗೆ ನಡುಗ್ತದೆ, ಅದು ನಂಗಿಷ್ಟ."

ಅನಂತರಾಜು ತಲೆ ಎತ್ತಿ ಅಪ್ಪನ ಕೈಗಳನ್ನು ನೋಡಿದ.

"ಇನ್ನೊಂದು ತಿಳ್ಕೋ. ನಾನು ಆಡಿಗೇ ಓಗ್ತಿದ್ದೆ ಅನ್ಕಂಡಾ? ಆಯಮ್ಮ ನನ್ನ ಕೇಳ್ತಾಳೆ, ಕಾರ್ಖಾನೇಲಿ ಎಂಗೆ ತುಂಬ್ತಿದ್ರಿ, ಒಡೆದ್ರೆ ಏನ್ ಮಾಡ್ತಿದ್ರಿ ಅಂತ. ನೀನು ಯಾವತ್ತು ಕೇಳಿದ್ದೆ?"

ಸ್ಮಿತಾಳಿಗೆ ಸಿಟ್ಟು ಇಳಿದಿರಲಿಲ್ಲ. "ಹೊಟ್ಟೆಕಿಚ್ಚು ಎಲ್ಲಾರಿಗೂ ಇರತೈತ್ರಿ. ಆದ್ರ ಕರೆಂಟಿಗೆ ಓನರ್ ಯಾರು, ಬಾಡಿಗಿಯವ್ರು ಯಾರು ಗೊತ್ತಾಗಂಗಿಲ್ಲ. ಫ್ರಿಜ್ಜಿಗೂ ಸೆಟ್ಟಿಗೂ ಹಸಿರು ವೈರ್ ಒಂದ, ಅದು ತುಂಡಾದ್ರ ಫ್ರಿಜ್ಜಿನ ಸೋರಿಕಿ ಸೆಟ್ಟಿನ ತಗಡಿಗೂ ಬರತೈತಿ. ನಾ ಫ್ರಿಜ್ಜು ಮುಟ್ಟದ, ನೋಡದ ಹಂಗ ಸ್ವಿಚ್ ಹಾಕಿದ್ರ, ನೀವು ಯಾರ ಸಲುವಾಗಿ ವೈರ್ ಕತ್ತರಿಸಿದ್ರಿ, ಅವ್ರನ್ನ ಕಳ್ಕೋತಿದ್ರಿ."

ಮರುದಿನ ನಾಗೇಶ ಬಂದು ಯಂತ್ರವನ್ನು ಮೀಟರಿಟ್ಟು ಪರೀಕ್ಷಿಸಿದ. ಟ್ರಾನ್ಸ್‌ಫಾರ್ಮರಿನ ಹಳೇ ಹೊದಿಕೆ ಬಿರುಕು ಬಿಟ್ಟಿತ್ತು. "ತಗಡಿಗೇ ಕರೆಂಟ್ ಬಂದಿತ್ತು ಸಾರ್. ಮೊದ್ಲು ಒಂಚೂರು ಸೋರ್ತಿತ್ತು, ಅದಕ್ಕೇ ನಿಮ್ಮ ಮನೆಯವ್ರಿಗೆ ಜುಮ್ ಅಂದಿದ್ದು. ಬಿಸಿಗೆ ನಿನ್ನೆ ಪೂರ್ತಿ ಹೋಗಿದೆ. ಒದ್ದೆ ನೆಲದಲ್ಲಿ ತಾತ ಎರಡೂ ಕೈ ಇಟ್ಟಿದ್ರೆ..."

"ಭ್ರಮೆ ಅಂದ್ರಲ್ಲ" ಎಂದಳು ಶಾಂತಲಾ. ಅಷ್ಟೇ ಅಂದಳು.

ಆ ಯಂತ್ರವನ್ನು ಕೊನೆಗೆ ವಾಲ್ವ್ ಸೆಟ್ಟಿನ ರಿಪೇರಿ ಬಲ್ಲವರಿಗೆ ಕೊಟ್ಟು ಸರಿಮಾಡಿಸಿದರು. ಅದು ಬರುವಷ್ಟರಲ್ಲಿ ಮನೆಯ ಗೋಡೆಗಳೂ ಸರಿಯಾಗಿದ್ದವು. ಅನಂತರಾಜು ತಾನೇ ಮುಂದೆ ನಿಂತು ಹೊಸ ಅರ್ಥಿಂಗ್ ಗುಂಡಿ ತೋಡಿಸಿದ, ನಾಲ್ಕೂ ಅಂತಸ್ತಿನ ಪ್ರತಿ ಸಾಕೆಟ್ಟಿಗೂ ಹಸಿರು ವೈರು ಎಳೆಸಿದ. ನಾಗೇಶ ಮೀಟರಿಟ್ಟು ಒಂದೊಂದೇ ಮನೆಯವರಿಗೆ ತೋರಿಸಿದ. ಕರೆಂಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಆಫ್ ಆಗುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಎಲ್ಲ ಮನೆಗೂ ಕೂರಿಸಿದ.

ಭಾನುವಾರ ಸ್ಮಿತಾ ಕೆಳಗೆ ಬಂದಳು. ಅನಂತರಾಜುವೇ ಮೇಲೆ ಹೋಗಿ ಕರೆದಿದ್ದ.

"ಷೋಕೇಸಿನಾಗ ಬ್ಯಾಡ. ಗಟ್ಟಿ ಮೇಜು ತರ್ರಿ. ನಾಲ್ಕೂ ಕಡೆ, ಮ್ಯಾಲೆ, ಗಾಳಿ ಆಡ್ಬೇಕು. ಪರದೆ ಹತ್ರ ಇಡಬ್ಯಾಡ್ರಿ."

"ದೃಷ್ಟಿ ಆದ್ರೆ?" ಎಂದ ಅನಂತರಾಜು. ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ.

"ಆಗ್ಲಿ ಬಿಡ್ರಿ. ದೃಷ್ಟಿಗೆ ನಿಂಬಿಹಣ್ಣು ಗೇಟಿಗೆ ಕಟ್ರಿ. ಇದರ ಮ್ಯಾಲೆ ಬಟ್ಟಿ, ಹೂವು, ಊದಿನಕಡ್ಡಿ, ಕಾಫಿ ಲೋಟ, ಏನೂ ಬ್ಯಾಡ. ಆಯುಧಪೂಜೆಗೆ ಕುಂಕುಮ ಹಚ್ಚೂದಿದ್ರ ಪ್ಲಗ್ ಕಿತ್ತು, ತಣ್ಣಗಾದ ಮ್ಯಾಲೆ ಹಚ್ರಿ. ನೀರು ಮಾತ್ರ ಚಿಮುಕಿಸಬ್ಯಾಡ್ರಿ."

"ಸರಿ, ಈಗ ಸ್ವಿಚ್ ಹಾಕ್ಲಾ?"

"ತಡೀರಿ! ಸ್ಪೀಕರ್ ಎಲ್ಲಿ ಕಟ್ಟೀರಿ?"

"ಅದು ಆಮೇಲೆ ಕಟ್ಟಿದ್ರಾಯ್ತಲ್ಲ."

"ಆಮ್ಯಾಲೆ ಅಲ್ರಿ, ಮೊದಲ. ಸ್ಪೀಕರ್ ಇಲ್ದ ವಾಲ್ವ್ ಸೆಟ್ ಹಚ್ಚಿದ್ರ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗ್ತೈತಿ. ಸ್ಪೀಕರ್ ಹಿಂದ ಎಂಟು ಓಮ್ ಅನ್ನೋ ಅಳತಿ ಬರದಿತ್ತು ಅಂದ್ರ, ಸೆಟ್ಟಿನ ಹಿಂದೂ ಎಂಟು ಅಂತ ಇದ್ದಲ್ಲೇ ಕಟ್ಟಬೇಕು."

ಅವನು ಕಟ್ಟಿದ. ನಾಗೇಶ ಹಾಕಿಕೊಟ್ಟಿದ್ದ ಹೊಸ ಮೂರು ಪಿನ್ನಿನ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೇ ನೇರವಾಗಿ ಸಿಕ್ಕಿಸಿದ. ಸ್ಮಿತಾ ಹಿಂದಿನ ಚೀಟಿ ಓದಿ, ಎಷ್ಟು ವೋಲ್ಟಿಗೆ ಮಾಡಿದ ಯಂತ್ರ ಎಂದು ನೋಡಿದಳು. ಬೇರೆ ದೇಶದವು ಕೆಲವು ನೂರಹತ್ತಕ್ಕೇ ಇರುತ್ತವೆ, ನಮ್ಮ ಕರೆಂಟಿಗೆ ಹಾಕಿದರೆ ಸುಟ್ಟು ಹೋಗುತ್ತವೆ. ಫ್ಯೂಸು ಬರೆದಷ್ಟೇ ಆಂಪಿನದು ಇದೆಯೇ ನೋಡಿದಳು.

"ಫ್ಯೂಸ್ ಹೋದ್ರೆ ಒಂದು ಎಳೆ ತಂತಿ ಸುತ್ತಿದ್ರೆ ಆಗಲ್ವಾ? ನಮ್ಮ ಬೋರ್‌ವೆಲ್ಲಿಗೆ ಹಂಗೇ ಮಾಡ್ತೀವಿ" ಎಂದ ಅನಂತರಾಜು.

"ಅಣ್ಣಾರ, ನೀವು ಬೋರ್‌ವೆಲ್ ಹತ್ರಾನೂ ಹುಷಾರಿರ್ರಿ ಮತ್ತ! ಅದಕ್ಕೂ ಸರಿಯಾದ ಫ್ಯೂಸ್ ಹಾಕಸ್ರಿ" ಎಂದಳು ಸ್ಮಿತಾ. ಶಾಂತಲಾ ನಕ್ಕಳು. ನರಸಿಂಹಯ್ಯನೂ ನಕ್ಕ.

"ಕಡೀ ಮಾತು, ಇದನ್ನ ಮರೀಬ್ಯಾಡ್ರಿ. ಇದರ ಮುಚ್ಚಳ ನೀವು ಬಿಚ್ಚಬ್ಯಾಡ್ರಿ. ಗೋಡಿಯಾಗಿನ ಕರೆಂಟು ಇನ್ನೂರಮೂವತ್ತು ವೋಲ್ಟು. ಇದರೊಳಗ ಅದಕ್ಕಿಂತ ಎಷ್ಟೋ ಜಾಸ್ತಿ ಇರತೈತಿ. ಪ್ಲಗ್ ಕಿತ್ತ ಮ್ಯಾಲೂ ಕೆಪಾಸಿಟರ್ ಆ ಕರೆಂಟ್ ಹಿಡಕೊಂಡು ಕುಂತಿರ್ತಾವ. ಅದಕ್ಕ ಆರ್‌ಸಿಸಿಬಿನೂ ಏನೂ ಮಾಡಂಗಿಲ್ಲ, ಅರ್ಥಿಂಗೂ ಏನೂ ಮಾಡಂಗಿಲ್ಲ. ಗುಂಯ್ ಅಂದ್ರ, ವಾಸನಿ ಬಂದ್ರ, ಜುಮ್ ಅಂದ್ರ, ಆಫ್ ಮಾಡಿ ಪ್ಲಗ್ ಕಿತ್ತು ಬಲ್ಲವ್ರನ್ನ ಕರೀರಿ. ಹಚ್ಚಿಟ್ಟು ಹೊರಗ ಹೋಗಬ್ಯಾಡ್ರಿ. ಸಣ್ಣ ಹುಡುಗ್ರು ಬಂದ್ರ ಗಾಜಿನ ಹತ್ರ ಬಿಡಬ್ಯಾಡ್ರಿ, ಕೈ ಸುಡತಾವ."

ಅನಂತರಾಜು ಕೈ ಒರೆಸಿಕೊಂಡು ಸ್ವಿಚ್ಚು ಹಾಕಿದ. ಗಾಜಿನೊಳಗೆ ಬೆಳಕು ಎದ್ದಿತು. ಗುಂಯ್ ಇಲ್ಲ. ಹಾಡು ಬಂತು. ನರಸಿಂಹಯ್ಯ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕಣ್ಣರಳಿಸಿ ಕೂತ. ಮಗ ಪಕ್ಕದಲ್ಲೇ ನೆಲದ ಮೇಲೆ ಕೂತ.

"ಹೆಂಗದೆಯಪ್ಪ?"

"ಸಂದಾಗದೆ ಕಣ್ಲಾ."

ಅನಂತರಾಜು ಹಿಗ್ಗಿದ.

"ಆದ್ರೂ ಆಯಮ್ಮಂದು ಇದಕ್ಕಿಂತ ಒಂಚೂರು ಮೇಲು."

ಹೊಟ್ಟೆಯಲ್ಲಿ ಮತ್ತೆ ಕಿಚ್ಚು ಚುರುಗುಟ್ಟಿತು. ಅನಂತರಾಜು ಅದನ್ನು ನುಂಗಿಕೊಂಡ. ಅಪ್ಪನ ಮೊಣಕಾಲ ಮೇಲೆ ಕೈಯಿಟ್ಟು ಕೇಳಿದ: "ಅಪ್ಪ, ಈ ವಾಲ್ವುಗಳ್ನ ಡಬ್ಬಿಗೆ ತುಂಬುವಾಗ ಒಡೀದಂಗೆ ಹೆಂಗೆ ಸುತ್ತುತಿದ್ರಿ?"

ಮುದುಕ ಮಗನ ಕಡೆ ತಿರುಗಿದ. ಒಂದು ಕ್ಷಣ ನಂಬಿಕೆ ಬಾರದವನಂತೆ ನೋಡಿದ. ಆಮೇಲೆ ಎರಡೂ ಅಂಗೈ ಜೋಡಿಸಿ, ಹಕ್ಕಿಮರಿ ಹಿಡಿದವನ ಹಾಗೆ ಮಾಡಿ, ಹೇಳತೊಡಗಿದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಎಲ್ಲರ ಮನೆಯ ಬಾಗಿಲಿಗೂ ಹೊತ್ತಿಗೆ ಸರಿಯಾಗಿ ಒಬ್ಬಳು ಸ್ಮಿತಾ ಬಂದು ನಿಲ್ಲುವುದಿಲ್ಲ. ವಾಲ್ವ್ ಸೆಟ್ಟೇ ಆಗಲಿ, ಮಿಕ್ಸಿಯೇ ಆಗಲಿ, ಗೀಸರೇ ಆಗಲಿ, ತಗಡಿನ ಮೈಯ ಯಾವ ವಸ್ತುವನ್ನೂ ಅರ್ಥಿಂಗ್ ಇಲ್ಲದೆ ಓಡಿಸಬೇಡಿ. ಮೂರನೇ ಪಿನ್ನನ್ನು ಕಡಿಯಬೇಡಿ. ಮನೆಯ ಹೆಣ್ಣುಮಗಳು ಜುಮ್ ಅಂತದೆ ಎಂದರೆ ಆ ಕ್ಷಣವೇ ನಂಬಿ. ಮನೆ ಮಾಲೀಕರೇ, ಕಲ್ಲಿನ ಹೊಳಪು ನಾಳೆ ಹಾಕಿಸಿ, ಅರ್ಥಿಂಗ್ ಇವತ್ತು ಹಾಕಿಸಿ. ಬಾಡಿಗೆದಾರರೇ, ಕೇಳಲು ಹಿಂಜರಿಯಬೇಡಿ. ನೀವು ಕೇಳುತ್ತಿರುವುದು ಉಪಕಾರವನ್ನಲ್ಲ, ಬದುಕಿ ಉಳಿಯುವ ಹಕ್ಕನ್ನು. ಮೊದಲ ಸಲ ಕೊಡದಿದ್ದರೆ ಮಹಡಿಯ ಎಲ್ಲರೂ ಸೇರಿ ಕೇಳಿ.

ಇದನ್ನು ಓದಿ ಮಡಿಸಿಡುವ ಮುಂಚೆ ಎದ್ದು ಹೋಗಿ. ನಿಮ್ಮ ಮನೆಯ ಮೇನ್ ಸ್ವಿಚ್ಚಿನ ಮುಂದೆ ಏನೇನು ಗುಡ್ಡೆ ಹಾಕಿದ್ದೀರೋ ಅದನ್ನೆಲ್ಲ ತೆಗೆಯಿರಿ. ಮನೆಯವರನ್ನೆಲ್ಲ ಕರೆದು, ಅದು ಎಲ್ಲಿದೆ, ಹೇಗೆ ಆಫ್ ಮಾಡುವುದು ಎಂದು ತೋರಿಸಿ. ಎಲ್ಲರಿಗಿಂತ ವಯಸ್ಸಾದವರಿಗೆ ಎರಡು ಸಲ ತೋರಿಸಿ.